ಕುರೂಪ, ಶಿಥಿಲ, ಹೊಸದು: ಕಾಂಕ್ರೀಟ್ ಕಟ್ಟಡಗಳ ಮೇಲಿನ ಮೂರು ಆರೋಪ

ಪಾರಂಪರಿಕ ಕಟ್ಟಡ ಎಂದಾಗ ನಮಗೆ ನೆನಪಾಗುವುದು ಕೆತ್ತನೆಯ ಕಂಬ, ಸುಣ್ಣದ ಗಾರೆ, ಹೆಂಚಿನ ಮಾಡು, ಕಲ್ಲಿನ ಕಮಾನು. ಎರಡನೇ ಮಹಾಯುದ್ಧದ ನಂತರ, ಅದರಲ್ಲೂ 1950ರಿಂದ 1980ರ ನಡುವೆ, ಜಗತ್ತಿನ ಉದ್ದಗಲಕ್ಕೂ ಎದ್ದು ನಿಂತ ಬೋಳು ಕಾಂಕ್ರೀಟಿನ ಕಟ್ಟಡಗಳನ್ನೂ ಆ ಸಾಲಿಗೆ ಸೇರಿಸಬೇಕೆಂದು ಯಾರಾದರೂ ಹೇಳಿದರೆ, ಬಹಳ ಮಂದಿಗೆ ಅದು ವಾಸ್ತುಶಿಲ್ಪಿಗಳ ಹಟದಂತೆ ಕಾಣುತ್ತದೆ. ಈ ಅಸಮ್ಮತಿಯನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಅದರ ಹಿಂದೆ ಒಂದು ವಾದವಿದೆ, ಅದನ್ನು ಹೀಗೆ ಹೇಳಬಹುದು: ಈ ಕಟ್ಟಡಗಳು ಮೊದಲೇ ಕುರೂಪ, ಮಳೆನೀರಿನ ಕಪ್ಪು ಗೆರೆ, ಪಾಚಿ, ತುಕ್ಕಿನ ಕಲೆ ಮೆತ್ತಿಕೊಂಡು ವರ್ಷದಿಂದ ವರ್ಷಕ್ಕೆ ಇನ್ನೂ ಕುರೂಪವಾಗುತ್ತಿವೆ. ಶಿಥಿಲವಾಗಿವೆ, ಸಜ್ಜಾದಿಂದ ಚಕ್ಕೆ ಕಳಚಿ ಕೆಳಗೆ ಓಡಾಡುವವರ ತಲೆಯ ಮೇಲೆ ಬಿದ್ದರೆ ಯಾರು ಹೊಣೆ? ಹಳೆಯವೂ ಅಲ್ಲ, ಅವನ್ನು ಕಟ್ಟಿದ ಮೇಸ್ತ್ರಿಗಳಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರು. ಇಂಥವುಗಳ ದುರಸ್ತಿಗೆ ಸಾರ್ವಜನಿಕ ಹಣ ಸುರಿಯುವುದೆಂದರೆ, ಒಳಗೆ ಬದುಕುವ ಮತ್ತು ದುಡಿಯುವ ಜನರ ಕಷ್ಟದ ಮೇಲೆ ಹೊರಗಿನ ಕೆಲವರ ಅಭಿರುಚಿಯನ್ನು ಹೇರಿದಂತೆ. ಈ ವಾದದ ಪ್ರತಿಯೊಂದು ಮಾತಿನಲ್ಲೂ ನಿಜದ ಅಂಶವಿದೆ. ಆದರೆ ಕುರೂಪ, ಶಿಥಿಲ, ಹೊಸದು ಎಂಬ ಮೂರನ್ನೂ ಒಂದರ ಮೇಲೊಂದು ಪೇರಿಸಿ, ಮೂರು ಬೇರೆ ಬೇರೆ ಕಾರಣಗಳು ಸಿಕ್ಕವೆಂದು ತೀರ್ಮಾನಕ್ಕೆ ಬರುವುದರಲ್ಲಿ ಗೊಂದಲವಿದೆ. ಕುರೂಪದ ದೊಡ್ಡ ಪಾಲು ಶಿಥಿಲತೆಯಿಂದ ಬಂದದ್ದು. ಶಿಥಿಲತೆಯ ದೊಡ್ಡ ಪಾಲು ಯಾರೂ ಗಮನ ಕೊಡದ್ದರಿಂದ ಬಂದದ್ದು. ಗಮನ ಕೊಡದಿರುವುದಕ್ಕೆ ಕಾರಣ ಅವು ‘ಹೊಸದು’ ಎಂಬ ಭಾವನೆ. ಒಬ್ಬನೇ ಸಾಕ್ಷಿಯನ್ನು ಅಂಗಿ ಬದಲಿಸಿ ಮೂರು ಸಲ ಕಟಕಟೆ ಹತ್ತಿಸಿದಂತಾಗಿದೆ ಇದು.

ವಾದಕ್ಕೊಂದು ನೆಲೆ ಬೇಕು. ದೆಹಲಿಯ ಪ್ರಗತಿ ಮೈದಾನದಲ್ಲಿದ್ದ ‘ಹಾಲ್ ಆಫ್ ನೇಷನ್ಸ್’ ಕಟ್ಟಡವನ್ನು ತೆಗೆದುಕೊಳ್ಳೋಣ. ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದ ಸಂದರ್ಭದಲ್ಲಿ, 1972ರ ಅಂತರರಾಷ್ಟ್ರೀಯ ವ್ಯಾಪಾರ ಮೇಳಕ್ಕೆಂದು ಕಟ್ಟಿದ ಪ್ರದರ್ಶನ ಸಭಾಂಗಣ ಅದು. ವಾಸ್ತುಶಿಲ್ಪಿ ರಾಜ್ ರೇವಾಲ್, ಸ್ಟ್ರಕ್ಚರಲ್ ಎಂಜಿನಿಯರ್ ಮಹೇಂದ್ರ ರಾಜ್. ತುದಿ ಕತ್ತರಿಸಿದ ಪಿರಮಿಡ್ಡಿನ ಆಕಾರ, ಒಳಗೆ ಒಂದೂ ಕಂಬವಿಲ್ಲದೆ 70 ಮೀಟರಿಗೂ ಹೆಚ್ಚು ಅಗಲಕ್ಕೆ ಹರಡಿದ ಹಜಾರ. ತ್ರಿಕೋನಗಳಾಗಿ ಹೆಣೆದ ಕಾಂಕ್ರೀಟ್ ತೊಲೆಗಳ ಜಾಲವೇ ಅದರ ಗೋಡೆ, ಅದೇ ಅದರ ಮಾಡು. 2017ರ ಏಪ್ರಿಲ್‌ನಲ್ಲಿ ಕೆಡವಬಾರದೆಂಬ ಅರ್ಜಿಗಳನ್ನು ದೆಹಲಿ ಹೈಕೋರ್ಟ್ ವಜಾ ಮಾಡಿತು. ಕೆಲವೇ ದಿನಗಳಲ್ಲಿ, ಏಪ್ರಿಲ್ 23ರ ರಾತ್ರಿ, ಬುಲ್ಡೋಜರುಗಳು ಒಳಬಂದವು. 60 ವರ್ಷ ತುಂಬದ ಕಟ್ಟಡಗಳು ಪರಂಪರೆಯ ಪಟ್ಟಿಗೆ ಅರ್ಹವಲ್ಲ ಎಂಬುದು ದೆಹಲಿಯ ಪರಂಪರೆ ಸಂರಕ್ಷಣಾ ಸಮಿತಿಯ ನಿಲುವಾಗಿತ್ತು. ಕಟ್ಟಡಕ್ಕೆ ಆಗ 45. ಇಂದು ಅದೇ ಆವರಣದಲ್ಲಿ ಭಾರತ್ ಮಂಟಪಂ ಇದೆ. ಹೊಸ ಸಮಾವೇಶ ಕೇಂದ್ರ ಬೇಕಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹಳೆಯದನ್ನು ಉಳಿಸಿಕೊಂಡು ಹೊಸದನ್ನು ಕಟ್ಟಬಹುದಿತ್ತೇ ಎಂಬ ಪ್ರಶ್ನೆಯನ್ನು ವಯಸ್ಸಿನ ಲೆಕ್ಕವೊಂದನ್ನೇ ಮುಂದಿಟ್ಟು ಮುಚ್ಚಿಹಾಕಿದ್ದು ಸರಿಯೇ ಎಂದಷ್ಟೇ ನಾನು ಕೇಳುತ್ತಿದ್ದೇನೆ.

ಮೊದಲು ಕುರೂಪದ ಆರೋಪ. ಇದಕ್ಕೆ ಕಾಂಕ್ರೀಟಿನ ಅಭಿಮಾನಿಗಳು ಕೊಡುವ ಸಿದ್ಧ ಉತ್ತರವೊಂದಿದೆ: ಇಂದು ಕುರೂಪವೆನಿಸಿದ್ದು ನಾಳೆ ಸುಂದರವೆನಿಸುತ್ತದೆ. ಅವರು ಲಂಡನ್ನಿನ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿನ ಯೂಸ್ಟನ್ ರೈಲು ನಿಲ್ದಾಣದ ಮುಂದಿದ್ದ ಬೃಹತ್ ಕಲ್ಲಿನ ಕಮಾನನ್ನು 1961-62ರಲ್ಲಿ ಕೆಡವಿದರು. ಆ ಕಾಲಕ್ಕೆ ವಿಕ್ಟೋರಿಯಾ ಯುಗದ ಕಟ್ಟಡಗಳೆಂದರೆ ಭಾರವಾದ, ಕಪ್ಪುಹಿಡಿದ, ಅಭಿರುಚಿಯಿಲ್ಲದ ರಾಶಿ ಎಂಬ ಭಾವನೆ ಸಾಮಾನ್ಯವಾಗಿತ್ತು. ಅಲ್ಲೇ ಹತ್ತಿರದ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣಕ್ಕೂ ಅದೇ ಗತಿ ಬರುವುದರಲ್ಲಿತ್ತು. 1967ರಲ್ಲಿ ಅದನ್ನು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡವೆಂದು ಘೋಷಿಸಿದ್ದರಿಂದ ಉಳಿಯಿತು. ಇಂದು ಅದನ್ನು ಕುರೂಪವೆನ್ನುವವರು ವಿರಳ. ಉದಾಹರಣೆ ನಿಜ, ಆದರೆ ಅದರಿಂದ ಎಳೆಯುವ ತೀರ್ಮಾನ ದುರ್ಬಲ. ಹಿಂದೆ ಬೈಸಿಕೊಂಡ ಕೆಲವು ಕಟ್ಟಡಗಳು ಇಂದು ಮೆಚ್ಚುಗೆ ಪಡೆದಿವೆ ಎಂಬುದರಿಂದ ಇಂದು ಬೈಸಿಕೊಳ್ಳುವುದೆಲ್ಲ ನಾಳೆ ಮೆಚ್ಚುಗೆ ಪಡೆಯುತ್ತದೆ ಎಂದಾಗುವುದಿಲ್ಲ. ಅನೇಕ ಕುರೂಪಗಳು ಕೊನೆಯವರೆಗೂ ಕುರೂಪಗಳಾಗಿಯೇ ಉಳಿದಿವೆ. ಈ ವಾದವನ್ನು ಒಪ್ಪಿದರೆ ಜಗತ್ತಿನ ಯಾವ ಗೋಡೆಯನ್ನೂ ಕೆಡವುವಂತಿಲ್ಲ. ಎಲ್ಲವನ್ನೂ ಉಳಿಸುವ ವಾದದಿಂದ ಯಾವುದನ್ನು ಉಳಿಸಬೇಕೆಂಬುದು ತಿಳಿಯುವುದಿಲ್ಲ. ಅಭಿರುಚಿ ಬದಲಾಗುತ್ತದೆ ಎಂಬ ಸಂಗತಿಯಿಂದ ನ್ಯಾಯವಾಗಿ ಹೊರಡುವ ತೀರ್ಮಾನ ಇಷ್ಟೇ: ಮೆಚ್ಚುಗೆಯಾಗಲಿ ತಿರಸ್ಕಾರವಾಗಲಿ ಈ ನಿರ್ಣಯಕ್ಕೆ ಅಳತೆಗೋಲಾಗಬಾರದು.

ಹಾಗಾದರೆ ಅಳತೆಗೋಲು ಯಾವುದು? ಇದಕ್ಕೆ ಉತ್ತರ ಹುಡುಕಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಹಲ್ಮಿಡಿಯ ಶಾಸನವನ್ನು ನಾವು ಜೋಪಾನ ಮಾಡುವುದು ಅದರ ಅಂದಕ್ಕಾಗಿ ಅಲ್ಲ. ಮಸ್ಕಿಯ ಬಂಡೆ ನೋಡಲು ಒಂದು ಬಂಡೆ, ಅಷ್ಟೆ. ಅದರ ಮೇಲೆ ಅಶೋಕನ ಹೆಸರು ಇರುವುದರಿಂದ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಯಾರೆಂಬುದು ಖಚಿತವಾಯಿತು. ತೀರ ವಿರಳವಾದ ಸಾಕ್ಷ್ಯ ಅಲ್ಲಿದೆ, ಅದಕ್ಕಾಗಿ ಅದನ್ನು ಕಾಯುತ್ತೇವೆ. ಬೇಲೂರಿನಲ್ಲಿ ಸೌಂದರ್ಯವೂ ಸಾಕ್ಷ್ಯವೂ ಒಂದೇ ಕಡೆ ಕೂಡಿಬಂದಿರುವುದರಿಂದ ನಾವು ಎರಡನ್ನೂ ಒಂದೇ ಎಂದು ತಿಳಿಯುತ್ತೇವೆ. ಬೇಲೂರಿನ ಅಭ್ಯಾಸದ ಕಣ್ಣಿನಿಂದ ಪ್ರಗತಿ ಮೈದಾನವನ್ನು ನೋಡಿದರೆ ಏನೂ ಕಾಣದು. ಮಸ್ಕಿಯ ಕಣ್ಣಿನಿಂದ ನೋಡಬೇಕು.

ಹಾಗೆ ನೋಡಿದಾಗ ಹಾಲ್ ಆಫ್ ನೇಷನ್ಸ್ ಏನು ಹೇಳುತ್ತಿತ್ತು? ಅಷ್ಟು ಅಗಲದ ಹಜಾರವನ್ನು ಕಂಬವಿಲ್ಲದೆ ಮುಚ್ಚಲು ಆ ಕಾಲದ ಶ್ರೀಮಂತ ದೇಶಗಳು ಬಳಸುತ್ತಿದ್ದದ್ದು ಉಕ್ಕಿನ ಕೊಳವೆಗಳ ಸ್ಪೇಸ್ ಫ್ರೇಮ್. ಕಾರ್ಖಾನೆಯಲ್ಲಿ ಅಳತೆಗೆ ಸರಿಯಾಗಿ ತಯಾರಿಸಿದ ಕೊಳವೆ, ಅದಕ್ಕೆ ಹೊಂದುವ ಉಕ್ಕಿನ ಗಂಟು, ಎಲ್ಲವನ್ನೂ ತಂದು ಬೋಲ್ಟು ಬಿಗಿದರೆ ಮುಗಿಯಿತು. 1970ರ ಭಾರತದಲ್ಲಿ ಉಕ್ಕು ದುಬಾರಿ, ಆ ಬಗೆಯ ಕೈಗಾರಿಕೆಯೂ ಬೆಳೆದಿರಲಿಲ್ಲ. ಸಿಮೆಂಟು ಇತ್ತು, ಜಲ್ಲಿ ಇತ್ತು, ಕೈಗಳಿದ್ದವು. ಆದ್ದರಿಂದ ಉಕ್ಕಿನ ಯೋಚನೆಯನ್ನು ಕಾಂಕ್ರೀಟಿಗೆ ತಂದರು. ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ಹಲವು ದಿಕ್ಕುಗಳಿಂದ ಓರೆಯಾಗಿ ಬರುವ ತೊಲೆಗಳು ಒಂದೇ ಗಂಟಿನಲ್ಲಿ ಕೂಡುತ್ತವೆ. ಪ್ರತಿ ತೊಲೆಯ ಕಂಬಿಗಳೂ ಆ ಗಂಟಿನೊಳಕ್ಕೆ ನುಗ್ಗುತ್ತವೆ. ಅಷ್ಟು ಇಕ್ಕಟ್ಟಿನ ನಡುವೆ ಕಾಂಕ್ರೀಟು ಪೊಳ್ಳು ಬಿಡದೆ ಇಳಿಯಬೇಕು. ಪ್ರತಿ ಓರೆಗೂ ಸೆಂಟ್ರಿಂಗ್ ಕಟ್ಟಬೇಕು, ಒಂದು ಗಂಟು ಒಂದಿಷ್ಟು ಸರಿದರೂ ಮುಂದಿನ ತ್ರಿಕೋನ ಕೂಡುವುದಿಲ್ಲ. ಇದನ್ನು ನಿಂತ ಜಾಗದಲ್ಲೇ, ಬಹುಪಾಲು ಕೈಕೆಲಸದಿಂದ ಮಾಡಿ ಮುಗಿಸಿದರು. ದಪ್ಪ ತೊಲೆಗಳ ಆಳವೇ ಬಿಸಿಲನ್ನು ತಡೆಯುವ ಜಾಲಂಧ್ರವೂ ಆಯಿತು. ಈ ಪ್ರಮಾಣದ ಕಾಂಕ್ರೀಟ್ ಸ್ಪೇಸ್ ಫ್ರೇಮ್ ಜಗತ್ತಿನಲ್ಲಿ ಅದೇ ಮೊದಲು. ಬಂಡವಾಳ ಕಡಿಮೆ ಇದ್ದು ಕೈಗಳು ಹೆಚ್ಚಿದ್ದ ಹೊಸ ದೇಶವೊಂದು ತಂತ್ರಜ್ಞಾನವನ್ನು ಆಮದು ಮಾಡಿಕೊಳ್ಳದೆ, ಅದನ್ನು ತನ್ನ ಸ್ಥಿತಿಗೆ ಒಗ್ಗಿಸಿಕೊಂಡ ಬಗೆಗೆ ಇದಕ್ಕಿಂತ ನೇರವಾದ ಸಾಕ್ಷ್ಯವನ್ನು ನಾನು ಅರಿಯೆ. 2022ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ದಕ್ಷಿಣ ಏಷ್ಯಾದ ಸ್ವಾತಂತ್ರ್ಯೋತ್ತರ ವಾಸ್ತುಶಿಲ್ಪದ ಬಗ್ಗೆ ದೊಡ್ಡ ಪ್ರದರ್ಶನ ನಡೆಸಿದಾಗ ಅದರಲ್ಲಿ ಈ ಕಟ್ಟಡಕ್ಕೆ ಮುಖ್ಯ ಸ್ಥಾನವಿತ್ತು. ಅಷ್ಟು ಹೊತ್ತಿಗೆ ಕಟ್ಟಡ ಇಲ್ಲವಾಗಿ ಐದು ವರ್ಷವಾಗಿತ್ತು.

ಎರಡನೆಯದು ಶಿಥಿಲತೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಂಕ್ರೀಟು ಯಾಕೆ ಕೆಡುತ್ತದೆ ಎಂಬುದನ್ನು ತಿಳಿಯದೆ ನಡೆಯುವ ವಾದಗಳೇ ಹೆಚ್ಚು. ಹೊಸ ಕಾಂಕ್ರೀಟು ತೀವ್ರ ಕ್ಷಾರೀಯ, ಅದರ ಪಿಎಚ್ 12ಕ್ಕೂ ಮೇಲೆ ಇರುತ್ತದೆ. ಆ ಕ್ಷಾರದಲ್ಲಿ ಒಳಗಿನ ಕಂಬಿಯ ಮೇಲೆ ತೆಳುವಾದ ರಕ್ಷಾಪದರ ಮೂಡಿ ತುಕ್ಕು ಹಿಡಿಯದಂತೆ ತಡೆಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಮೈಯಿಂದ ಒಳಕ್ಕೆ ಮೆಲ್ಲಗೆ ಇಳಿಯುತ್ತ ಈ ಕ್ಷಾರವನ್ನು ತಗ್ಗಿಸುತ್ತದೆ. ಅದು ಕಂಬಿಯನ್ನು ಮುಟ್ಟಿದ ದಿನ ರಕ್ಷಾಪದರ ಮುರಿಯುತ್ತದೆ, ತೇವ ಇದ್ದರೆ ತುಕ್ಕು ಶುರು. ತುಕ್ಕು ಮೂಲ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಜಾಗವಿಲ್ಲದ್ದರಿಂದ ಮೇಲಿನ ಕಾಂಕ್ರೀಟನ್ನು ಒಳಗಿನಿಂದ ಒತ್ತಿ ಸೀಳುತ್ತದೆ, ಚಕ್ಕೆ ಏಳುತ್ತದೆ. ಕರಾವಳಿಯಲ್ಲಿ ಸಮುದ್ರದ ಉಪ್ಪು ಇದೇ ಕೆಲಸವನ್ನು ಇನ್ನೂ ಬೇಗ ಮಾಡುತ್ತದೆ. ಈ ಇಳಿಯುವಿಕೆಯ ವೇಗಕ್ಕೊಂದು ಲೆಕ್ಕವಿದೆ, ಆಳವು ಕಾಲದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ. ಉದಾಹರಣೆಗೆ ಐದು ವರ್ಷದಲ್ಲಿ 5 ಮಿಲಿಮೀಟರ್ ಇಳಿದರೆ, 15 ಮಿಲಿಮೀಟರ್ ಇಳಿಯಲು 45 ವರ್ಷ ಬೇಕು, 30 ಮಿಲಿಮೀಟರ್ ಇಳಿಯಲು 180 ವರ್ಷ. ಅಂದರೆ ಕಂಬಿಯ ಮೇಲಿನ ಹೊದಿಕೆ, ನಮ್ಮ ಬಾರ್ ಬೆಂಡರುಗಳ ಮಾತಿನಲ್ಲಿ ‘ಕವರ್’, ಎರಡು ಪಟ್ಟಾದರೆ ಆಯುಸ್ಸು ನಾಲ್ಕು ಪಟ್ಟು. ನಮ್ಮ ಐಎಸ್ 456 ಸಂಹಿತೆ 1978ರಲ್ಲಿ ಚಪ್ಪಡಿಗೆ 15 ಮಿಲಿಮೀಟರ್ ಕವರ್ ಸಾಕೆಂದಿತ್ತು. 2000ದ ಪರಿಷ್ಕರಣೆಯಲ್ಲಿ ಸೌಮ್ಯ ಪರಿಸರಕ್ಕೆ 20, ಸಾಧಾರಣಕ್ಕೆ 30, ತೀವ್ರ ಪರಿಸರಕ್ಕೆ 45 ಎಂದಾಯಿತು. ಆ ತಲೆಮಾರಿನ ಕಟ್ಟಡಗಳು ಕೆಟ್ಟ ಕಲ್ಪನೆಯ ಫಲವೆಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ಅಂದಿನ ತಿಳಿವಳಿಕೆ ಅಷ್ಟಿತ್ತು, ಕೆಲವು ಮಿಲಿಮೀಟರಿನ ಕೊರತೆ ಉಳಿಯಿತು.

ಇದನ್ನು ಕಣ್ಣಾರೆ ನೋಡುವ ಸರಳ ವಿಧಾನವಿದೆ. ಕಾಂಕ್ರೀಟಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋದರೆ ಗಟ್ಟಿ ಇರುವಲ್ಲಿ ಕಣಕಣ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಿರುವಲ್ಲಿ ಟೊಳ್ಳು ದನಿ. ಅಂಥ ಕಡೆ ಒಂದು ಚಕ್ಕೆ ಒಡೆದು, ಹೊಸದಾಗಿ ತೆರೆದ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ, ಕ್ಷಾರ ಉಳಿದಿರುವ ಭಾಗ ಕಡು ಗುಲಾಬಿಗೆ ತಿರುಗುತ್ತದೆ, ಕ್ಷಾರ ಕಳೆದುಕೊಂಡ ಭಾಗ ಹಾಗೇ ಬೂದು. ಹೊರಮೈಯಿಂದ ಗುಲಾಬಿಯ ಅಂಚಿನವರೆಗಿನ ದೂರವನ್ನು ಅಡಿಪಟ್ಟಿಯಿಂದ ಅಳೆಯಬಹುದು. ಕಂಬಿ ಗುಲಾಬಿಯೊಳಗೆ ಇದ್ದರೆ ಇನ್ನೂ ಸಮಯವಿದೆ, ಬೂದಿನೊಳಗೆ ಇದ್ದರೆ ಅವಸರವಿದೆ. ‘ಶಿಥಿಲವಾಗಿದೆ’ ಎಂಬ ಒಂದೇ ಪದ ಈ ಎರಡು ಸ್ಥಿತಿಗಳನ್ನೂ ಒಟ್ಟಿಗೆ ನುಂಗಿಬಿಡುತ್ತದೆ. ಕೆಡವಬೇಕೆನ್ನುವವರು ಎತ್ತಿ ತೋರಿಸುವ ಅನೇಕ ಲಕ್ಷಣಗಳು, ಅಂದರೆ ಕಪ್ಪು ಗೆರೆ, ಪಾಚಿ, ಒಡೆದ ನೀರಿನ ಕೊಳವೆಯ ಕಲೆ, ಕಿಟಕಿಗೊಂದರಂತೆ ಜೋತುಬಿದ್ದ ಏಸಿ ಡಬ್ಬಿ, ನಿಜವಾದ ಶಿಥಿಲತೆಯೇ ಅಲ್ಲ. ತಾರಸಿಯ ನೀರು ಹೋಗುವ ದಾರಿ ಕಟ್ಟಿಕೊಂಡಿದ್ದನ್ನು ಹತ್ತು ಮಳೆಗಾಲ ಯಾರೂ ಬಿಡಿಸಲಿಲ್ಲ ಎಂಬುದಷ್ಟೇ ಅವುಗಳ ಅರ್ಥ. ಮಾಲೀಕನ ಅಥವಾ ಇಲಾಖೆಯ ನಿರ್ಲಕ್ಷ್ಯದಿಂದ ಹುಟ್ಟಿದ ಸ್ಥಿತಿಯನ್ನು ಅದೇ ಮಾಲೀಕ, ಅದೇ ಇಲಾಖೆ ಕೆಡವಲು ಕಾರಣವಾಗಿ ಮುಂದಿಡುವುದನ್ನು ಒಪ್ಪಿದರೆ, ನಿರ್ಲಕ್ಷ್ಯಕ್ಕೆ ಬಹುಮಾನ ಕೊಟ್ಟಂತಾಗುತ್ತದೆ. ತನ್ನ ತಪ್ಪಿನ ಲಾಭವನ್ನು ತಾನೇ ಪಡೆಯುವಂತಿಲ್ಲ ಎಂಬ ನ್ಯಾಯ ಬಾಡಿಗೆ ಮನೆಯ ತಕರಾರಿನಲ್ಲಿ ನಡೆಯುತ್ತದೆ, ಇಲ್ಲೂ ನಡೆಯಬೇಕು.

ಶಿಥಿಲತೆಯ ವಾದಕ್ಕೆ ಇನ್ನೂ ಸೂಕ್ಷ್ಮವಾದ ರೂಪವೊಂದಿದೆ, ಅದನ್ನು ಗೌರವದಿಂದ ಎದುರಿಸಬೇಕು. ಬೋಳು ಕಾಂಕ್ರೀಟಿನ ಬೆಲೆಯೆಲ್ಲ ಇರುವುದು ಅದರ ಮೈಯಲ್ಲಿ: ಸೆಂಟ್ರಿಂಗ್ ಹಲಗೆಯ ಎಳೆಗಳ ಅಚ್ಚು, ಒಂದು ದಿನದ ಕೆಲಸ ನಿಂತು ಮರುದಿನ ಶುರುವಾದ ಗೆರೆ. ಚಕ್ಕೆ ಎದ್ದ ಕಡೆ ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ, ಇಡೀ ಮೈಗೆ ಬಣ್ಣ ಬಳಿದರೆ ಅಚ್ಚು ಮುಚ್ಚಿಹೋಗುತ್ತದೆ, ತೇಪೆಯ ಅಂಚಿನಲ್ಲಿ ಹಳೆಯ ಕಾಂಕ್ರೀಟಿನೊಳಗೆ ಹೊಸದಾಗಿ ತುಕ್ಕು ಏಳುವುದೂ ಉಂಟು. ಹಾಗಿದ್ದಮೇಲೆ ದುರಸ್ತಿಯಾದ ಕಟ್ಟಡ ಮೂಲದ್ದೇ ಎಂದು ಹೇಗೆ ಹೇಳುವುದು? ಕಷ್ಟ ನಿಜ. ಆದರೆ ಇದು ಕಾಂಕ್ರೀಟಿಗೆ ಮಾತ್ರ ಬಂದ ಕಷ್ಟವಲ್ಲ. ಕಲ್ಲಿನ ದೇವಾಲಯಗಳಲ್ಲೂ ಸವೆದ ಕಲ್ಲು ತೆಗೆದು ಹೊಸ ಕಲ್ಲು ಕೂರಿಸಿದ್ದಾರೆ. ಮರದ ಮಾಡು ತಲೆಮಾರಿಗೊಮ್ಮೆ ಬದಲಾಗುತ್ತದೆ. ಜಪಾನಿನ ಇಸೆ ದೇವಸ್ಥಾನವನ್ನು 20 ವರ್ಷಕ್ಕೊಮ್ಮೆ ಪೂರ್ತಿಯಾಗಿ ಹೊಸದಾಗಿ ಕಟ್ಟುತ್ತಾರೆ. ಮೂಲ ವಸ್ತುವೊಂದೇ ಅಸಲಿತನವಲ್ಲ, ವಿನ್ಯಾಸ, ಬಳಕೆ, ಕಸುಬು ಕೂಡ ಅದರ ಭಾಗ ಎಂಬುದನ್ನು 1994ರ ನಾರಾ ದಸ್ತಾವೇಜು ಒಪ್ಪಿಕೊಂಡಿದೆ. ಕಾಂಕ್ರೀಟಿನ ವಿಷಯದಲ್ಲಿ ಇದು ಇನ್ನೂ ಹೊಂದುತ್ತದೆ, ಏಕೆಂದರೆ ಅಲ್ಲಿನ ಮುಖ್ಯ ಸಾಕ್ಷ್ಯ ಭಾರ ಹೇಗೆ ಹರಿಯುತ್ತದೆ, ಜಾಗ ಹೇಗೆ ತೆರೆದುಕೊಳ್ಳುತ್ತದೆ ಎಂಬುದರಲ್ಲಿದೆ. ಮರಳು ಮತ್ತು ಜಲ್ಲಿಯನ್ನು ಮೂಲಕ್ಕೆ ಹೊಂದಿಸಿ, ಮೊದಲು ಮಾದರಿ ತುಂಡುಗಳನ್ನು ಎರಕ ಹೊಯ್ದು ಬಿಸಿಲು ಮಳೆಗೆ ಒಡ್ಡಿ, ನಂತರ ತೇಪೆ ಹಾಕುವ ಕಸುಬು ಬೆಳೆದಿದೆ. ಕಂಬಿಗೆ ಸಣ್ಣ ವಿದ್ಯುತ್ ಹರಿಸಿ ತುಕ್ಕನ್ನು ನಿಲ್ಲಿಸುವ ಕ್ಯಾಥೋಡಿಕ್ ರಕ್ಷಣೆಯೂ ಇದೆ. ಕೆಲವು ಕಟ್ಟಡಗಳಿಗೆ ಇದೆಲ್ಲ ತಡವಾಗಿದೆ, ಅವನ್ನು ಹೋಗಗೊಡಬೇಕು.

ತಡವಾದದ್ದೇಕೆ ಎಂದು ಕೇಳಿದರೆ ಮೂರನೆಯ ಆರೋಪಕ್ಕೆ ಬರುತ್ತೇವೆ. ನಮ್ಮ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕನಿಷ್ಠ 100 ವರ್ಷ ಹಳೆಯದನ್ನು ಮಾತ್ರ ಸ್ಮಾರಕವೆನ್ನುತ್ತದೆ. ದೆಹಲಿಯ ಸಮಿತಿ 60 ಎಂದಿತು. ಬ್ರಿಟನ್ನಿನಲ್ಲಿ ರೂಢಿಯ ಗಡಿ 30 ವರ್ಷ, ಅತ್ಯುತ್ತಮವಾಗಿದ್ದು ಅಪಾಯದಲ್ಲಿದ್ದರೆ ಅದಕ್ಕೂ ಮೊದಲೇ ಪರಿಗಣಿಸುತ್ತಾರೆ. ವಯಸ್ಸಿನ ಗಡಿಯ ಹಿಂದೆ ಒಂದು ವಿವೇಕವಿದೆ: ಹತ್ತಿರದಿಂದ ನೋಡಿದವರಿಗೆ ಸಮಗ್ರ ನೋಟ ಸಿಗುವುದಿಲ್ಲ, ಸ್ನೇಹ ಮತ್ತು ಫ್ಯಾಷನ್ ತೀರ್ಪನ್ನು ಕೆಡಿಸುತ್ತವೆ, ಕಾಲ ಸೋಸಲಿ. ಈ ಸೋಸುವಿಕೆ ಕಲ್ಲಿಗೆ ಒಪ್ಪುತ್ತದೆ. ಕಲ್ಲು ಕಾಯುತ್ತದೆ, ನೂರು ವರ್ಷ ಯಾರೂ ತಿರುಗಿ ನೋಡದಿದ್ದರೂ ಕಲ್ಲಿನ ಮಂಟಪ ಸಾಮಾನ್ಯವಾಗಿ ನಿಂತಿರುತ್ತದೆ. 15 ಮಿಲಿಮೀಟರ್ ಕವರ್ ಇರುವ ಕಾಂಕ್ರೀಟು ಕಾಯುವುದಿಲ್ಲ. ಮೇಲಿನ ಲೆಕ್ಕವನ್ನೇ ಹಿಡಿದರೆ ಅದರ ಒಳಗೆ ತುಕ್ಕು ಶುರುವಾಗುವುದು ನಲವತ್ತು ಐವತ್ತರ ವಯಸ್ಸಿನಲ್ಲಿ. ಅದಕ್ಕೆ ಮೊದಲು ಕೈ ಹಾಕಿದರೆ ಅಲ್ಪ ಖರ್ಚು, ಅದು ಕಳೆದ ಮೇಲೆ ಖರ್ಚು ಏರುತ್ತ ಹೋಗುತ್ತದೆ. 60 ವರ್ಷದ ಗಡಿ ಹಾಕಿದಾಗ ನಾವು ಮಾಡುವುದು ಇದು: ಅಗ್ಗದಲ್ಲಿ ಉಳಿಸಬಹುದಾದ ವರ್ಷಗಳಲ್ಲಿ ‘ನೀನಿನ್ನೂ ಹೊಸದು’ ಎನ್ನುತ್ತೇವೆ, ಅರ್ಹತೆ ಬಂದ ವರ್ಷ ‘ನೀನು ತೀರ ಹಾಳಾಗಿದ್ದೀಯ’ ಎನ್ನುತ್ತೇವೆ. ಇಡೀ ಒಂದು ಯುಗದ ಕಟ್ಟಡಗಳಿಗೆ ಬಾಗಿಲು ತೆರೆಯುವ ದಿನವೇ ಬಾರದು. ಕಾಲ ಇಲ್ಲಿ ಒಳ್ಳೆಯದನ್ನು ಉಳಿಸಿ ಕೆಟ್ಟದ್ದನ್ನು ಸೋಸುತ್ತಿಲ್ಲ, ದಪ್ಪ ಕವರ್ ಇದ್ದದ್ದನ್ನು ಉಳಿಸಿ ತೆಳು ಕವರಿನದನ್ನು ಸೋಸುತ್ತಿದೆ. ಪರಂಪರೆಗೂ ಆ ಸೋಸುವಿಕೆಗೂ ಸಂಬಂಧವಿಲ್ಲ. ಇಪ್ಪತ್ತನೇ ಶತಮಾನದ ಪರಂಪರೆಯನ್ನು ಕಾಯುವ ಬಗೆಗೆ ಅಂತರರಾಷ್ಟ್ರೀಯ ಸ್ಮಾರಕ ಮಂಡಳಿ ಇಕೋಮಾಸ್ ಹೊರತಂದ ಮಾರ್ಗಸೂಚಿಗೆ ‘ಮ್ಯಾಡ್ರಿಡ್–ನವದೆಹಲಿ ದಸ್ತಾವೇಜು’ ಎಂದು ಹೆಸರು. ಮಂಡಳಿಯ ಮಹಾಸಭೆ ದೆಹಲಿಯಲ್ಲಿ ನಡೆದದ್ದು 2017ರ ಡಿಸೆಂಬರಿನಲ್ಲಿ, ಹಾಲ್ ಆಫ್ ನೇಷನ್ಸ್ ನೆಲಸಮವಾದ ಎಂಟು ತಿಂಗಳಿಗೆ. ಆ ದಿನಾಂಕಗಳನ್ನು ಒಟ್ಟಿಗೆ ಓದುವಾಗ ನನಗೆ ಸಂಕಟವಾಗುತ್ತದೆ.

ಈಗ ಎದುರು ವಾದಗಳು. ಅವುಗಳಲ್ಲಿ ಅತ್ಯಂತ ಬಲವಾದದ್ದು ನಿವಾಸಿಗಳದು. ಪೂರ್ವ ಲಂಡನ್ನಿನ ರಾಬಿನ್ ಹುಡ್ ಗಾರ್ಡನ್ಸ್ 213 ಮನೆಗಳ ವಸತಿ ಸಮುಚ್ಚಯ. ಆಲಿಸನ್ ಮತ್ತು ಪೀಟರ್ ಸ್ಮಿತ್‌ಸನ್ ದಂಪತಿಯ ವಿನ್ಯಾಸ, 1972ರಲ್ಲಿ ಮುಗಿದದ್ದು. ಜಗತ್ತಿನ ಹೆಸರಾಂತ ವಾಸ್ತುಶಿಲ್ಪಿಗಳು ಉಳಿಸಿ ಎಂದರು. ನಿವಾಸಿಗಳಲ್ಲಿ ಹೆಚ್ಚಿನವರು ಹೊಸ ಮನೆ ಬಯಸುತ್ತಾರೆಂದು ಸ್ಥಳೀಯ ಆಡಳಿತ ಹೇಳಿತು. ರಕ್ಷಣೆ ಸಿಗಲಿಲ್ಲ, 2017ರಿಂದ ಕೆಡವಲು ಶುರುಮಾಡಿದರು. ಸೋರುವ ಗೋಡೆಯೊಳಗೆ ಮಕ್ಕಳನ್ನು ಮಲಗಿಸುವವರಿಗೆ ಸಾಕ್ಷ್ಯದ ಮೌಲ್ಯದ ಪಾಠ ಹೇಳುವ ಹಕ್ಕು ಹೊರಗಿನವರಿಗಿಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದ ಮೇಲೂ ಎರಡು ಮಾತು ಉಳಿಯುತ್ತವೆ. ಸೋರುವುದನ್ನು ನಿಲ್ಲಿಸಿ ಎಂಬ ಬೇಡಿಕೆ ಕೆಡವಿ ಎಂಬ ಬೇಡಿಕೆಯಾಗುವುದು, ದುರಸ್ತಿ ಎಂಬ ಮೂರನೆಯ ಆಯ್ಕೆಯನ್ನು ಜನರ ಮುಂದೆ ಪ್ರಾಮಾಣಿಕವಾಗಿ ಇಡದಿದ್ದಾಗ. ಇನ್ನೊಂದು ಮಾತು ಸಂರಕ್ಷಣೆಯ ಪರ ಇರುವವರಿಗೆ ಕಹಿ. ಶೆಫೀಲ್ಡಿನ ಪಾರ್ಕ್ ಹಿಲ್ ವಸತಿ ಸಮುಚ್ಚಯಕ್ಕೆ 1998ರಲ್ಲಿ ರಕ್ಷಣೆ ಸಿಕ್ಕಿತು, ಖಾಸಗಿ ಕಂಪನಿಯ ಕೈಯಲ್ಲಿ ಚೆಂದದ ನವೀಕರಣವೂ ಆಯಿತು, ಆದರೆ ನಗರಾಡಳಿತದ ಬಾಡಿಗೆದಾರರಿಗೆಂದು ಕಟ್ಟಿದ ಮನೆಗಳಲ್ಲಿ ಹೆಚ್ಚಿನವು ಮಾರಾಟಕ್ಕೆ ಹೋದವು. ಲಂಡನ್ನಿನ ಬಾಲ್‌ಫ್ರನ್ ಟವರಿನಲ್ಲೂ ಹೀಗೇ ಆಯಿತು. ಬಡವರಿಗೂ ಒಳ್ಳೆಯ ಮನೆ ಎಂಬ ಆಶಯದ ಸಾಕ್ಷಿಯಾಗಿ ಉಳಿಸಿದ ಕಟ್ಟಡದಿಂದ ಬಡವರನ್ನೇ ಕಳಿಸಿದರೆ, ಗೋಡೆ ಉಳಿದು ಸಾಕ್ಷ್ಯ ಹೋಯಿತು. ವಸತಿ ಕಟ್ಟಡಗಳ ವಿಷಯದಲ್ಲಿ ಬಾಡಿಗೆದಾರರ ಹಕ್ಕನ್ನು ಕಾಯದ ಸಂರಕ್ಷಣೆಯನ್ನು ನಾನು ಸಂರಕ್ಷಣೆ ಎಂದು ಕರೆಯಲಾರೆ.

ಇನ್ನೊಂದು ವಾದ: ನಕ್ಷೆ, ಫೋಟೊ, ಮಾದರಿ ಇಟ್ಟುಕೊಂಡರೆ ಸಾಲದೇ? ರಾಬಿನ್ ಹುಡ್ ಗಾರ್ಡನ್ಸ್‌ನ ಮೂರು ಅಂತಸ್ತಿನ ತುಂಡೊಂದನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ತೆಗೆದಿಟ್ಟುಕೊಂಡಿದೆ, 2018ರಲ್ಲಿ ಅದರ ಭಾಗಗಳನ್ನು ವೆನಿಸ್ಸಿನಲ್ಲಿ ಪ್ರದರ್ಶಿಸಿತು. ಆದರೆ ಹಾಲ್ ಆಫ್ ನೇಷನ್ಸ್‌ನಂಥ ಹಜಾರದೊಳಗೆ ನಿಂತಾಗ ತಲೆಯ ಮೇಲಿನ ಜಾಲದಿಂದ ಬೆಳಕು ಹೇಗೆ ಇಳಿಯುತ್ತದೆ, ಗಾಳಿ ಎಲ್ಲಿಂದ ಬರುತ್ತದೆ, ಸದ್ದು ಹೇಗೆ ಮರಳುತ್ತದೆ ಎಂಬುದು ತುಂಡಿನಲ್ಲಿ ಸಿಗದು. ಎಂಜಿನಿಯರಿಗೂ ತುಂಡು ಸಾಲದು: 45 ವರ್ಷದ ನಂತರ ಆ ಗಂಟುಗಳು ಎಷ್ಟು ಬಾಗಿದವು, ಎಲ್ಲಿ ಬಿರುಕು ಬಿಟ್ಟವು ಎಂಬುದನ್ನು ನಿಂತ ಕಟ್ಟಡ ಮಾತ್ರ ಹೇಳುತ್ತದೆ. ಅಂಥ ಮಾತು ಇಲ್ಲದ ಸಾಮಾನ್ಯ ಕಟ್ಟಡಗಳಿಗೆ ನಕ್ಷೆ ಫೋಟೊ ಧಾರಾಳವಾಗಿ ಸಾಕು.

ಖರ್ಚಿನ ವಾದದಲ್ಲಿ ಅಂಕಿಗಳು ತಮ್ಮಷ್ಟಕ್ಕೆ ತಾವು ಹುಟ್ಟಿದವೆಂದು ನಂಬಬಾರದು. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟಿದರೆ ಮೌಲ್ಯವರ್ಧಿತ ತೆರಿಗೆ ಶೂನ್ಯ, ಹಳೆಯದನ್ನು ರಿಪೇರಿ ಮಾಡಿದರೆ ಸಾಮಾನ್ಯವಾಗಿ ಶೇ 20. ದುರಸ್ತಿ ದುಬಾರಿಯಾಗಿದ್ದು ಭಾಗಶಃ ಕಾನೂನಿನಿಂದ. ನಮ್ಮಲ್ಲಿ ಅನೇಕ ಸಲ ಕಟ್ಟಡದ ಸ್ಥಿತಿಗಿಂತ ಜಾಗದಲ್ಲಿ ಎಷ್ಟು ಕಟ್ಟಬಹುದೆಂಬ ಮಿತಿಯಾದ ಎಫ್‌ಎಆರ್ ತೀರ್ಮಾನ ಮಾಡುತ್ತದೆ, ಎರಡು ಅಂತಸ್ತಿನ ಜಾಗದಲ್ಲಿ ಇಪ್ಪತ್ತು ಎಬ್ಬಿಸಬಹುದಾದಾಗ ಯಾವ ಗಟ್ಟಿ ಕಟ್ಟಡವೂ ಶಿಥಿಲವಾಗಿ ಕಾಣತೊಡಗುತ್ತದೆ. ಮುಂಬಯಿಯ 1995ರ ಪರಂಪರೆ ನಿಯಮಗಳಲ್ಲಿರುವಂತೆ ಅಭಿವೃದ್ಧಿ ಹಕ್ಕನ್ನು ಬೇರೆಡೆಗೆ ವರ್ಗಾಯಿಸಿ ಮಾಲೀಕನ ನಷ್ಟ ತುಂಬುವ ದಾರಿ ಇದೆ. ಸಿಮೆಂಟಿನಿಂದ ಜಗತ್ತಿನ ಇಂಗಾಲದ ಡೈಆಕ್ಸೈಡಿನ ಸುಮಾರು ಶೇ 8 ಹೊಮ್ಮುತ್ತದೆ, ಆದ್ದರಿಂದ ಕೆಡವಬಾರದು ಎಂಬ ಮಾತನ್ನೂ ಈಚೆಗೆ ಸಂರಕ್ಷಣೆಯ ಪರವಾಗಿ ಸೇರಿಸುತ್ತಾರೆ. ಒಳ್ಳೆಯ ಮಾತು, ಆದರೆ ಅದು ಎಲ್ಲ ಕಟ್ಟಡಗಳ ಮರುಬಳಕೆಯ ವಾದ. ಗೋದಾಮಿಗೂ ಅನ್ವಯಿಸುವ ಕಾರಣವನ್ನು ಪರಂಪರೆಯ ಕಾರಣವೆಂದು ಕರೆಯಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲ ಬೂದು ಕಟ್ಟಡಗಳನ್ನೂ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಉಳಿಸಬೇಕಾದವು ಕಡಿಮೆ. ಅವನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ನನ್ನ ಎಣಿಕೆಯಲ್ಲಿ ಇವು:

1. ಈ ಕಟ್ಟಡ ಹೋದರೆ, ಬೇರೆ ಯಾವ ಕಟ್ಟಡದಿಂದಲೂ ತಿಳಿಯಲಾಗದ ಯಾವ ಸಂಗತಿ ಹೋಗುತ್ತದೆ? ಉತ್ತರ ಒಂದು ವಾಕ್ಯದಲ್ಲಿ ಹೇಳುವಂತಿರಬೇಕು. ‘ಆ ಕಾಲದ ಶೈಲಿ’ ಎಂಬುದು ಉತ್ತರವಲ್ಲ, ಅದಕ್ಕೆ ನೂರು ಕಟ್ಟಡಗಳಿವೆ.

2. ಇಂದಿನ ಸ್ಥಿತಿಯಲ್ಲಿ ವಿನ್ಯಾಸದ ದೋಷ ಎಷ್ಟು, ನಿರ್ಲಕ್ಷ್ಯದ ಫಲ ಎಷ್ಟು? ಕೆಡವುವ ಉದ್ದೇಶವಿಲ್ಲದ ಎಂಜಿನಿಯರಿನಿಂದ ಅಳೆಸಿದ ವರದಿ ಬೇಕು, ಅದು ಸಾರ್ವಜನಿಕವಾಗಿರಬೇಕು.

3. ಮೂಲ ಬಳಕೆ ಅಥವಾ ಅದಕ್ಕೆ ಹತ್ತಿರದ ಬಳಕೆ ಸಾಧ್ಯವೇ?

ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಗೆದ್ದ ಕಟ್ಟಡವೊಂದು ಇಂಗ್ಲೆಂಡಿನ ಪ್ರೆಸ್ಟನ್ನಿನಲ್ಲಿದೆ. 1969ರ ಬಸ್ ನಿಲ್ದಾಣ, ಅದರ ಮೇಲೆ ಅಂತಸ್ತು ಅಂತಸ್ತಾಗಿ ಕಾರ್ ಪಾರ್ಕಿಂಗ್. ಪಾರ್ಕಿಂಗ್ ಮಹಡಿಗಳ ಅಂಚಿನ ಕಾಂಕ್ರೀಟು ಅಲೆಯಂತೆ ಮೇಲಕ್ಕೆ ಬಾಗಿದೆ. ನೇರ ಗೋಡೆ ಇದ್ದರೆ ಕಾರಿನ ಬಂಪರ್ ತಗುಲುತ್ತದೆಂದು ಕೊಟ್ಟ ಬಾಗು ಅದು, ದೂರದಿಂದ ನೋಡಿದವರಿಗೆ ಅದೇ ಕಟ್ಟಡದ ಗುರುತು. ಹಲವು ಸಲ ರಕ್ಷಣೆ ನಿರಾಕರಿಸಿದ್ದರು, 2012ರಲ್ಲಿ ನಗರಸಭೆ ಕೆಡವಲು ತೀರ್ಮಾನಿಸಿತ್ತು. 2013ರಲ್ಲಿ ಪಟ್ಟಿಗೆ ಸೇರಿತು, ದುರಸ್ತಿಯಾಗಿ ಬಸ್ಸುಗಳು ಅಲ್ಲಿಂದಲೇ ಹೊರಡುತ್ತಿವೆ. 2021ರಲ್ಲಿ ಆಧುನಿಕ ಕಟ್ಟಡಗಳ ಸಂರಕ್ಷಣೆಗೆ ಮೀಸಲಾದ ವಿಶ್ವ ಸ್ಮಾರಕ ನಿಧಿಯ ಪ್ರಶಸ್ತಿಯೂ ಬಂತು. ಕೆಡವಲು ಹೊರಟಾಗಲೂ ಉಳಿಸಿಕೊಂಡಾಗಲೂ ಕಟ್ಟಡ ಅದೇ.

ನಮ್ಮ ನೆರೆಯಲ್ಲಿ ಇನ್ನೊಂದು ಬಗೆಯ ಪಾಠವಿದೆ. ಪಣಜಿಯಲ್ಲಿ ಮಾಂಡೋವಿ ದಡದ ಕಲಾ ಅಕಾಡೆಮಿ ಚಾರ್ಲ್ಸ್ ಕೊರಿಯಾ ಅವರ ಕೃತಿ, 1983ರಲ್ಲಿ ಮುಗಿದದ್ದು. 2019ರಲ್ಲಿ ಕೆಡವುವ ಮಾತು ಬಂದು ವಿರೋಧ ಎದ್ದಿತು, ನವೀಕರಣ ಶುರುವಾಯಿತು. 2023ರ ಜುಲೈನಲ್ಲಿ, ನವೀಕರಣ ನಡೆಯುತ್ತಿರುವಾಗಲೇ, ಬಯಲು ರಂಗಮಂದಿರದ ಚಾವಣಿ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಉಳಿಸುತ್ತೇವೆ ಎಂಬ ಘೋಷಣೆಯಿಂದ ಕಟ್ಟಡ ಉಳಿಯುವುದಿಲ್ಲ, ನದಿಯ ಉಪ್ಪುಗಾಳಿಯಲ್ಲಿ ನಾಲ್ಕು ದಶಕ ನಿಂತ ಕಾಂಕ್ರೀಟಿಗೆ ಅದನ್ನು ಬಲ್ಲವರ ಕೈ ಬೇಕು.

ಬೆಂಗಳೂರಿನಲ್ಲೂ ಕೊರಿಯಾ ಅವರ ಕಟ್ಟಡವಿದೆ, ಡಾ. ಅಂಬೇಡ್ಕರ್ ವೀದಿಯ ವಿಶ್ವೇಶ್ವರಯ್ಯ ಕೇಂದ್ರ. 1974ರಲ್ಲಿ ಶುರುವಾಗಿ 1980ರಲ್ಲಿ ಮುಗಿದದ್ದು. ದಿನವೂ ಅದರ ಮುಂದೆ ಹಾದುಹೋಗುವವರಿಗೆ ಅದು ಸರ್ಕಾರಿ ಕಚೇರಿಗಳ ಟವರ್ ಮಾತ್ರ. ನನ್ನ ಮೊದಲ ಪ್ರಶ್ನೆಗೆ ಅದು ಉತ್ತರ ಕೊಡುತ್ತದೋ ಇಲ್ಲವೋ ತಿಳಿಯಲು ಯಾರಾದರೂ ಕೂತು ಪರಿಶೀಲಿಸಬೇಕು. ಅದರ ಪಕ್ಕದ ಎಂ.ಎಸ್. ಬಿಲ್ಡಿಂಗ್ ಆ ಪ್ರಶ್ನೆಯನ್ನು ದಾಟಲಾರದೆಂದು ನನ್ನ ಅನಿಸಿಕೆ, ಅಂಥ ಸಾಲುಕೋಣೆಗಳ ಬಹುಮಹಡಿ ಕಟ್ಟಡಗಳು ದೇಶದ ತುಂಬ ಇವೆ. ಕೊರಿಯಾ ಅವರ ಕಟ್ಟಡಕ್ಕೆ 60 ತುಂಬುವುದು 2040ಕ್ಕೆ, 100 ತುಂಬುವುದು 2080ಕ್ಕೆ. ಪರಿಶೀಲನೆಗೆ ಅಲ್ಲಿಯವರೆಗೆ ಕಾಯಲು ಕಾರಣವಿಲ್ಲ. 1950ರಿಂದ 1985ರವರೆಗಿನ ರಾಜ್ಯದ ಸಾರ್ವಜನಿಕ ಕಾಂಕ್ರೀಟ್ ಕಟ್ಟಡಗಳ ಪಟ್ಟಿಯೊಂದನ್ನು ಲೋಕೋಪಯೋಗಿ ಇಲಾಖೆಯೂ ಪುರಾತತ್ವ ಇಲಾಖೆಯೂ ಕೂಡಿ ಮಾಡಬೇಕು, ಪ್ರತಿಯೊಂದರ ಕವರ್ ಎಷ್ಟಿದೆ, ಕ್ಷಾರ ಎಲ್ಲಿಯವರೆಗೆ ಉಳಿದಿದೆ ಎಂದು ಅಳೆದು ಬರೆಯಬೇಕು, ಮತ್ತು ಆ ಬರಹವನ್ನು ಟೆಂಡರ್ ಕರೆಯುವ ಮೊದಲು ಜನರ ಮುಂದಿಡಬೇಕು.